ದೂರದಲ್ಲಿ ಕೇಸರಿ ಇರೋದಿಲ್ಲ

ಎಣ್ಣೆಬಣ್ಣ ಕಲಿಯೋಕೆ ಬಂದವರಿಗೆಲ್ಲ ನಾನು ಮೊದಲು ಹೇಳೋದು ಒಂದೇ ಮಾತು: ಕಣ್ಣು ಅರ್ಧ ಮುಚ್ಚಿ ನೋಡಿ. ಆಗ ಸಣ್ಣಪುಟ್ಟದ್ದೆಲ್ಲ ಮಾಯವಾಗಿ ಬೆಟ್ಟದ ಬೆಳಕು, ನೆರಳು ಮಾತ್ರ ಉಳಿಯುತ್ತೆ. ನಮ್ಮೂರ ಹಿಂದಿನ ಕೆಸ್ಟ್ರೆಲ್ ಬೆಟ್ಟವನ್ನು ನಲವತ್ತು ವರ್ಷ ಹಾಗೇ ನೋಡಿದ್ದೇನೆ. ಅಮೆರಿಕದ ಮೊಂಟಾನಾದ ಈ ಮೂಲೆಯಲ್ಲಿ ಆ ಬೆಟ್ಟದ ಬಗ್ಗೆ ಈ ಐರಿಸ್ ಹೇಳಿದ್ದೇ ವೇದವಾಕ್ಯ. ಜಂಬ ಅಂದುಕೊಳ್ಳಿ, ನನಗೇನು.

ಸೆಪ್ಟೆಂಬರಿನಲ್ಲಿ ವೆರ್ನಾ ಕಲಿಯೋಕೆ ಬಂದಳು. ಅವಳ ಗಂಡ ಡ್ವೈಟ್ ಎರಡು ವರ್ಷದ ಹಿಂದೆ ಅದೇ ಬೆಟ್ಟಕ್ಕೆ ಬೇಟೆಗೆ ಹೋದವನು, ಹಿಮಕ್ಕೆ ಸಿಕ್ಕಿ ತಿರುಗಿ ಬರಲಿಲ್ಲ. ಹೂಳೋಕೆ ಒಂದು ಮೂಳೆಯೂ ಸಿಗಲಿಲ್ಲ. ಪಾಪ, ಮನಸ್ಸು ಹಗುರವಾಗಲಿ ಅಂತ ಸೇರಿಸಿಕೊಂಡೆ.

ಬೆಳಗಿನ ಹತ್ತರ ಬಿಸಿಲಿಗೆ ಹುಲ್ಲುಗಾವಲಲ್ಲಿ ಕೂತು ಬರೆಯುತ್ತಿದ್ದೆವು. ಮೊದಲ ದಿನವೇ ಅವಳು ಬೆಟ್ಟದ ನೆತ್ತಿಯ ಕೆಳಗೆ ಒಂದು ಕೇಸರಿ ಚುಕ್ಕೆ ಇಟ್ಟಳು.

"ಏನೇ ಇದು, ಬೆಟ್ಟಕ್ಕೆ ಮೊಡವೆ ಎದ್ದಿದೆಯಾ?" ಅಂದೆ. "ದೂರದ್ದೆಲ್ಲ ನೀಲಿಗೆ ತಿರುಗುತ್ತೆ. ಅಲ್ಲಿ ಕೇಸರಿ ಎಲ್ಲಿಂದ ಬರಬೇಕು?"

"ಕಂಡಿದ್ದನ್ನೇ ಹಾಕಿದೆ, ಐರಿಸ್."

ಬಟ್ಟೆ ತೆಗೆದು ಒರೆಸಿಬಿಟ್ಟೆ. ಎಣ್ಣೆಬಣ್ಣ ಬೇಗ ಒಣಗಲ್ಲ, ಅದೊಂದು ಅನುಕೂಲ. ಎರಡನೇ ವಾರ ಮತ್ತೆ ಅದೇ ಚುಕ್ಕೆ. ನನಗೆ ರೇಗಿತು. "ನಿನಗೆ ಕಾಣ್ತಿರೋದು ಬೆಟ್ಟ ಅಲ್ಲ, ಡ್ವೈಟ್," ಅಂದುಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳ. ಅವಳು ತಲೆ ತಗ್ಗಿಸಿದಳು, ನಾನು ಒರೆಸಿದೆ.

ಮೂರನೇ ವಾರವೂ ನಾನು ಒರೆಸುವಾಗ ಅವಳು ಕುಂಚ ಕೆಳಗಿಟ್ಟಳು.

"ನಾನು ಚಿತ್ರ ಕಲಿಯೋಕೆ ಬಂದಿಲ್ಲ. ಅವನ ಹತ್ರ ಕೇಸರಿ ಟಾರ್ಪಾಲು ಇತ್ತು. ಶೆರಿಫ್‌ಗೆ ಹೇಳಿ ಹೇಳಿ ಸಾಕಾಯ್ತು, ನನ್ನನ್ನ ಹುಚ್ಚಿ ಅನ್ಕೊಂಡಿದಾನೆ. ನೀವು ಹೇಳಿದ್ರೆ ನಂಬ್ತಾನೆ. ಒಂದ್ಸಲ ಪೂರ್ತಿ ಕಣ್ಣು ಬಿಟ್ಟು ನೋಡಿ, ಸಾಕು."

ಮೂರು ವಾರ ನನ್ನನ್ನು ಆಟ ಆಡಿಸಿದಳಲ್ಲ ಅಂತ ಸಿಟ್ಟು. "ಮುಂದಿನ ವಾರ ನೋಡೋಣ" ಅಂದು ಸಾಮಾನು ಕಟ್ಟಿಕೊಂಡು ಹೊರಟೆ.

ಆ ವಾರವೆಲ್ಲ ಅನ್ನನೀರು ರುಚಿಸಲಿಲ್ಲ. ಆರನೇ ದಿನ ಒಬ್ಬಳೇ ಹುಲ್ಲುಗಾವಲಿಗೆ ಹೋಗಿ ಕಣ್ಣು ಅಗಲಿಸಿ ನೋಡಿದೆ. ಎರಡು ಬಂಡೆಗಳ ನಡುವೆ ಕೇಸರಿ ಇತ್ತು. ಅದರ ಒಂದು ತುದಿ ಗಾಳಿಗೆ ಏಳುತ್ತಿತ್ತು, ಬೀಳುತ್ತಿತ್ತು, ಯಾರೋ ಕೈ ಬೀಸಿ ಕರೆದ ಹಾಗೆ.

ಫೋನ್ ಮಾಡಿದೆ. ನನ್ನ ಮಾತು ಕೇಳಿ ಶೆರಿಫ್ ಮರುದಿನವೇ ಜನ ಕಳಿಸುತ್ತೇನೆ ಅಂದ. ಆವತ್ತು ಮಧ್ಯಾಹ್ನವೇ ಹಿಮ ಶುರುವಾಯಿತು. ಮೂರು ದಿನ ಸುರಿದು ಇಡೀ ಇಳಿಜಾರು ಮುಚ್ಚಿಹೋಯಿತು. ಇನ್ನು ಜುಲೈವರೆಗೆ ಯಾರೂ ಹತ್ತೋ ಹಾಗಿಲ್ಲ.

ವೆರ್ನಾ ಮನೆಗೆ ಹೋದೆ, ಅವಳು ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಎಲ್ಲ ಹೇಳಿದೆ. ಕಾಲು ಹಿಡಿಯೋದೊಂದು ಬಾಕಿ.

"ನಿಮಗೂ ಕಂಡಿತಾ?"

"ಕಂಡಿತು ಕಣೇ."

"ಸದ್ಯ, ನಾನು ಹುಚ್ಚಿ ಅಲ್ಲ," ಅಂದು ಅಳೋಕೆ ಶುರುಮಾಡಿದಳು. ಆಮೇಲೆ ಮೂಗು ಒರೆಸಿಕೊಂಡು ಮೆಲ್ಲಗೆ ಕೇಳಿದಳು: "ಹೋದ ವರ್ಷ ಸೆಪ್ಟೆಂಬರಲ್ಲೂ ನೀವು ಅಲ್ಲೇ ಕೂತು ಬರೆದ್ರಲ್ಲ, ಆಗ ಏನೂ ಕಾಣ್ಲಿಲ್ವಾ?"

"ಇಲ್ಲ," ಅಂದೆ.

ಕಂಡಿತ್ತು. ಅಲ್ಲೇನೋ ಕಣ್ಣಿಗೆ ಚುಚ್ಚುತ್ತಿತ್ತು. ಚಿತ್ರ ಕೆಡುತ್ತೆ ಅಂತ ಕಣ್ಣು ಇನ್ನಷ್ಟು ಮುಚ್ಚಿಕೊಂಡಿದ್ದೆ. ಅದನ್ನು ಅವಳಿಗೆ ಇವತ್ತಿಗೂ ಹೇಳಿಲ್ಲ.