ನಲವತ್ತೆರಡನೆಯ ಹೆಸರು

ಹಳೇ ಸಾಮಾನು ಕಂಡರೆ ನನ್ನ ಬಾಯಿಗೆ ಸುಳ್ಳು ತಾನಾಗಿ ಬರುತ್ತದೆ. ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ಒಂದು ಸಹಿ ಆಚೀಚೆ ಮಾಡಿದವಳಲ್ಲ ನಾನು. ಆದರೆ ಕೆರೂರ ಸಂತೆಯ ಮೂಲೆಯಲ್ಲಿ, ಗೋಣಿಚೀಲದ ಮೇಲೆ ಹಿತ್ತಾಳೆಯ ಅಡಕೊತ್ತೊಂದು ಕಂಡರೆ ಸಾಕು, "ನಮ್ಮ ಅಜ್ಜೀದು ಇಂಥಾದ್ದ ಒಂದು ಇತ್ತು, ಕಳದು ಹೋತು" ಎಂದು ಕಣ್ಣಲ್ಲಿ ನೀರು ತಂದುಕೊಳ್ಳುತ್ತೇನೆ. ನಮ್ಮಜ್ಜಿ ಅಡಿಕೆ ಮುಟ್ಟಿದವಳೇ ಅಲ್ಲ.

ಎರಡು ವರ್ಷದ ಹಿಂದೆ ಗಂಡ ಶಿರೀಷನ ಜೊತೆ ಯುರೋಪ್ ಟೂರಿಗೆ ಹೋದಾಗ ಉಳಿದವರೆಲ್ಲ ಚರ್ಚು ನೋಡುತ್ತಿದ್ದರು. ನಾನು ಲಿಸ್ಬನ್ನಿನ ಬೀದಿಯಲ್ಲಿ ಮಂಗಳವಾರ ಕೂಡುವ ಹಳೇ ಸಾಮಾನಿನ ಬಜಾರಿನಲ್ಲಿದ್ದೆ. ನೀಲಿ ಚಿತ್ರದ ಒಂದು ಹಳೇ ಟೈಲು ಮನಸ್ಸಿಗೆ ಹಿಡಿಸಿತು. ಮಾರುವ ಮುದುಕಿಗೆ ನನ್ನ ಭಾಷೆ ಬಾರದು, ನನಗೆ ಅವಳದು ಬಾರದು. ಎದೆಯ ಮೇಲೆ ಕೈಯಿಟ್ಟು, ಆಕಾಶ ತೋರಿಸಿ, ತೀರಿಹೋದ ತಾಯಿಯ ನೆನಪು ಎಂದು ಸನ್ನೆಯಲ್ಲೇ ತಿಳಿಸಿದೆ. ಮುದುಕಿ ನನ್ನನ್ನು ತಬ್ಬಿಕೊಂಡು ಟೈಲನ್ನು ಅರ್ಧ ಬೆಲೆಗೆ ಕೊಟ್ಟಳು. ನನ್ನ ತಾಯಿ ಆ ಹೊತ್ತಿಗೆ ಬಾದಾಮಿಯಲ್ಲಿ ಅಣ್ಣನ ಮನೆಯ ಸೋಫಾದ ಮೇಲೆ ಗಟ್ಟಿಮುಟ್ಟಾಗಿ ಕೂತು ಸೀರಿಯಲ್ ನೋಡುತ್ತಿದ್ದಿರಬೇಕು.

"ಮೃಣಾಲಿನಿ, ಇದು ನಿನಗ ಶೋಭಾ ಅಲ್ಲ" ಎಂದಿದ್ದ ಶಿರೀಷ, ಟೂರಿನ ಬಸ್ಸಿನಲ್ಲಿ. ನಾನು ನಕ್ಕುಬಿಟ್ಟೆ. ಯಾರಿಗೇನು ನಷ್ಟ, ಒಂದು ಕಥೆ ಹೇಳಿದೆ ಅಷ್ಟೇ ಅಂತ ನನ್ನ ಲೆಕ್ಕ. ಆ ಲೆಕ್ಕ ತಪ್ಪಿದ್ದು ಇಳಕಲ್ಲಿನಲ್ಲಿ.

ಹೋದ ವರ್ಷ ಸೀರೆ ನೋಡಲೆಂದು ಇಳಕಲ್ಲಿನ ನೇಕಾರರ ಓಣಿಯೊಂದಕ್ಕೆ ಹೋಗಿದ್ದೆ. ದುರ್ಗವ್ವ ಎಂಬಾಕೆಯ ಮನೆ. ಆಕೆಯ ಗಂಡ ಬಾಬಣ್ಣ ಎಪ್ಪತ್ತು ದಾಟಿದರೂ ಮಗ್ಗ ಬಿಟ್ಟಿರಲಿಲ್ಲ, ಮಗ ಮಲ್ಲು ಪವರ್‌ಲೂಮ್ ಹಾಕಿಕೊಂಡಿದ್ದ. ಸೀರೆ ನೋಡುವುದು ಅಲ್ಲಿಗೇ ಮುಗಿಯಿತು, ಏಕೆಂದರೆ ಪಡಸಾಲೆಯ ತೊಲೆಗೆ ಒಂದು ತೊಟ್ಟಿಲು ತೂಗುಬಿದ್ದಿತ್ತು. ಕಲಘಟಗಿಯ ಹಳೇ ತೊಟ್ಟಿಲು. ಸಾಗವಾನಿಯ ಮೇಲೆ ಅರಗಿನ ಕೆಂಪು, ಹಳದಿ, ಹಸಿರು ಒಂದಿಷ್ಟೂ ಮಾಸಿರಲಿಲ್ಲ. ಸುತ್ತಲೂ ಕೃಷ್ಣನ ಆಟಗಳ ಚಿತ್ರ, ನಾಲ್ಕು ಮೂಲೆಗೆ ನಾಲ್ಕು ಗಿಳಿ. ಇಂಥದ್ದೊಂದಕ್ಕಾಗಿ ನಾನು ಹುನಗುಂದ, ಬಾಗಲಕೋಟೆಯ ಗುಜರಿ ಅಂಗಡಿಗಳನ್ನೆಲ್ಲ ವರ್ಷಗಟ್ಟಲೆ ಜಾಲಾಡಿದ್ದೆ.

"ಕೊಡ್ತೀರೇನ್ರಿ ಇದನ್ನ?" ಎಂದೆ.

"ಇದು ನಂದಲ್ರಿ ಬಾಯಾರ, ಓಣೀದು" ಎಂದಳು ದುರ್ಗವ್ವ. "ಯಾರ ಮನ್ಯಾಗ ಕೂಸ ಹುಟ್ಟತೈತಿ, ಅಲ್ಲಿಗಿ ಹೊಕ್ಕೈತಿ. ಈಗ ಯಾರೂ ಬಸರ ಇಲ್ಲಂತ ನಮ್ಮನ್ಯಾಗ ಐತಿ. ಮಾರಂಗಿಲ್ರಿ."

ಸುಮ್ಮನೆ ಎದ್ದು ಬರಬೇಕಿತ್ತು. ಬದಲಿಗೆ ಬಾಯಿ ತನ್ನ ಕೆಲಸ ಮಾಡಿತು. ತಂಗಿಯ ಮಗಳು ವಂದನಾ, ಎಂಟು ತಿಂಗಳ ಬಸುರಿ, ಮದುವೆಯಾಗಿ ಎಂಟು ವರ್ಷಕ್ಕೆ ನಿಂತ ಗರ್ಭ, ಇಂಥ ತೊಟ್ಟಿಲಿನಲ್ಲೇ ಕೂಸನ್ನು ಹಾಕಬೇಕೆಂದು ಅವಳ ಆಸೆ. ನನಗೆ ತಂಗಿಯೇ ಇಲ್ಲ.

ದುರ್ಗವ್ವನ ಮುಖ ಬದಲಾಯಿತು. ಒಳಗೆ ಹೋಗಿ ಗಂಡನ ಜೊತೆ ಮಾತಾಡಿದಳು, ಎದುರು ಮನೆಯ ಹಿರಿಯಳು ರಂಗವ್ವನನ್ನು ಕೇಳಿ ಬಂದಳು. "ಬಸುರಿ ಮನಿಗಿ ತೊಟ್ಲಾ ಇಲ್ಲ ಅನಬಾರ್ದಂತ್ರಿ. ಒಯ್ರಿ. ನಮ್ಮ ಓಣ್ಯಾಗ ಕೂಸ ಹುಟ್ಟಿದಾಗ ತಿರುಗಿ ತಂದು ಕೊಡ್ರಿ ಮತ್ತ." ರೊಕ್ಕದ ಮಾತೆತ್ತಿದರೆ ಕಿವಿ ಮುಚ್ಚಿಕೊಂಡಳು. ಬರಿದು ತೊಟ್ಟಿಲು ಕಳಿಸಬಾರದೆಂದು ಅದರಲ್ಲಿ ಒಂದು ಸೇರು ಜೋಳ, ಒಂದು ತೆಂಗಿನಕಾಯಿ ಇಟ್ಟಳು. ಆಮೇಲೆ ತೊಟ್ಟಿಲಿನ ಅಂಚು ಹಿಡಿದು, ಅದರಲ್ಲಿ ಮಲಗಿ ಬೆಳೆದ ಮಕ್ಕಳ ಹೆಸರನ್ನು ಹುಟ್ಟಿದ ಕ್ರಮದಲ್ಲಿ ಹೇಳಿದಳು. ಮೊದಲನೆಯದು ಅವಳ ಗಂಡ ಬಾಬಣ್ಣ. ನಡುವೆ ಜಹಾಂಗೀರ, ಜರೀನಾ, ಮಲ್ಲು. ಕೊನೆಗೆ ಮಹೇಶ್ವರಿ. ಒಟ್ಟು ನಲವತ್ತೊಂದು.

"ಹೊಸಾ ಕೂಸಿನ್ನ ಹಾಕೂವಾಗ ಇಷ್ಟೂ ಹೆಸರ ಹೇಳಿ ಹಾಕ್ತೇವ್ರಿ. ನಿಮ್ಮ ಕೂಸಿಂದೂ ಸೇರಸ್ತೇನಿ. ಹೆಸರಿಟ್ಟ ಮ್ಯಾಲ ಫೋನ್ ಹಚ್ರಿ."

ಬಾಗಲಕೋಟೆ ನವನಗರದ ನಮ್ಮ ಹಾಲಿನಲ್ಲಿ ತೊಟ್ಟಿಲು ತೂಗುಬಿತ್ತು. ಅದರೊಳಗೆ ನನ್ನ ಹಿತ್ತಾಳೆ ಚೆಂಬು, ಗಿಂಡಿಗಳನ್ನು ಜೋಡಿಸಿದೆ. ಫೋಟೋ ಹಾಕಿದೆ, ನಾಲ್ಕುನೂರು ಜನ ಮೆಚ್ಚಿದರು. ಎಲ್ಲಿ ಸಿಕ್ಕಿತೆಂದು ಕೇಳಿದವರಿಗೆ ನಕ್ಕು ಸುಮ್ಮನಾದೆ. ಶಿರೀಷನಿಗೆ ಮಾತ್ರ ನಿಜ ಗೊತ್ತಿತ್ತು. ಅವನು ಆ ತೊಟ್ಟಿಲಿನ ಪಕ್ಕ ಕೂತು ಚಹಾ ಕುಡಿಯುವುದನ್ನೇ ಬಿಟ್ಟ.

ಎರಡು ತಿಂಗಳಿಗೆ ದುರ್ಗವ್ವನ ಫೋನು. ನಾನು ಮಾಡದಿದ್ದಕ್ಕೆ ಅವಳೇ ಮಾಡಿದ್ದಳು.

"ಹಡದ್ಳೇನ್ರಿ ವಂದನಾ?"

"ಹೂಂ. ಹೆಣ್ಣು" ಎಂದೆ.

"ಭಾಳ ಛಲೋ ಆತ್ರಿ. ಏನ ಹೆಸರಿಟ್ರಿ?"

"ಮೃದುಲಾ."

ಆ ಹೆಸರು ಎಲ್ಲಿಂದ ಬಂತೋ ಕಾಣೆ. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಫೋನು ಬರುತ್ತಿತ್ತು. ಮಗುಚಿ ಬಿತ್ತೇನು, ಎದೆಹಾಲು ಸಾಕಾಗುತ್ತದೇನು, ಹಲ್ಲು ಬಂತೇನು. ನಾನು ಬ್ಯಾಂಕಿನ ಸಹೋದ್ಯೋಗಿಗಳನ್ನು ಕೇಳಿ, ಯಾವ ತಿಂಗಳಿಗೆ ಏನಾಗಬೇಕೋ ಅದನ್ನು ಹೇಳುತ್ತಿದ್ದೆ. ಫೋನಿನಲ್ಲಿ ಅವಳ ಹೆಸರು ಮೂಡಿದರೆ ಎತ್ತುವುದೇ ಬೇಡವೆನಿಸುತ್ತಿತ್ತು. ಆದರೂ ಎತ್ತಿಕೊಳ್ಳುತ್ತಿದ್ದೆ. ಎತ್ತದಿದ್ದರೆ ತೊಟ್ಟಿಲು ಕೇಳಿಕೊಂಡು ಬಂದುಬಿಟ್ಟಾಳೆಂಬ ಭಯ.

ಒಂದು ದಿನ ಮಲ್ಲು ನೂಲಿನ ಕೆಲಸಕ್ಕೆ ಬಾಗಲಕೋಟೆಗೆ ಬಂದವನು ನಮ್ಮ ಮನೆಗೂ ಬಂದ. ಹಾಲಿನಲ್ಲಿ ತೊಟ್ಟಿಲು ತುಂಬ ಚೆಂಬುಗಳು. ನಾನು ಗೇಟಿನಲ್ಲೇ ಅವನನ್ನು ತಡೆದು, "ಕೂಸು ಮಲಗೇದ" ಎಂದೆ. ಅವನು ತಕ್ಷಣ ದನಿ ತಗ್ಗಿಸಿದ. ಒಂದು ಪೊಟ್ಟಣ ಕೈಗಿಟ್ಟು, "ಅವ್ವ ಕೊಟ್ಟಾಳ್ರಿ" ಎಂದು ಪಿಸುಗುಟ್ಟಿ, ಬೈಕನ್ನು ಓಣಿಯ ತುದಿಯವರೆಗೆ ತಳ್ಳಿಕೊಂಡು ಹೋಗಿ ಆಮೇಲೆ ಶುರು ಮಾಡಿದ. ಪೊಟ್ಟಣದಲ್ಲಿ ಕೂಸಿನ ತಲೆಗೆ ಕಟ್ಟುವ ಕುಲಾವಿ ಇತ್ತು. ಇಳಕಲ್ ಸೀರೆಯ ತುಂಡುಗಳನ್ನು ಜೋಡಿಸಿ ಕೈಯಲ್ಲೇ ಹೊಲಿದದ್ದು. ನನಗೆ ನನ್ನ ಮೇಲೆ ಅಸಹ್ಯವಾಯಿತು. ಅಸಹ್ಯಪಟ್ಟುಕೊಂಡೇ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ, ತೊಟ್ಟಿಲನ್ನು ಮಾತ್ರ ಬಿಡಲಿಲ್ಲ.

ಈ ವರ್ಷ ಮಲ್ಲುವಿನ ಹೆಂಡತಿ ಪ್ರೀತಿ ಹಡೆದಳು. ಹೆಸರಿಡುವ ದಿನಕ್ಕೆ ತೊಟ್ಟಿಲು ಬೇಕು. ಟೆಂಪೋದಲ್ಲಿ ಕಳಿಸಿ ಕೈ ತೊಳೆದುಕೊಳ್ಳೋಣ ಎಂದುಕೊಂಡಿದ್ದೆ. ದುರ್ಗವ್ವ ಒಪ್ಪಲಿಲ್ಲ. "ನೀವ ಬರಬೇಕ್ರಿ. ಅವರವರ ಮನಿ ಕೂಸಿನ ಹೆಸರ ಅವರವರ ಹೇಳಬೇಕು. ಮೃದುಲಾನ್ನ ಕರ್ಕೊಂಡ ಬರ್ರಿ."

"ಹೋಗು" ಎಂದ ಶಿರೀಷ, ಚೆಂಬುಗಳನ್ನು ಇಳಿಸಿಕೊಡುತ್ತ. "ಹೋಗಿ ಖರೇ ಹೇಳಿ ಬಾ."

ಹೇಳಬೇಕೆಂದೇ ಹೊರಟೆ. ಹುನಗುಂದ ದಾಟುವ ಹೊತ್ತಿಗೆ ಧೈರ್ಯ ಅರ್ಧವಾಯಿತು, ಇಳಕಲ್ ಮುಟ್ಟುವಾಗ ಪೂರ್ತಿ ಹೋಯಿತು. ತಾಯಿ ಮಗು ಪುಣೆಗೆ ಹೋಗಿದ್ದಾರೆ ಎಂದುಬಿಟ್ಟೆ.

ಪಡಸಾಲೆ ತುಂಬ ಹೆಂಗಸರು. ತೊಟ್ಟಿಲನ್ನು ಮತ್ತೆ ಅದೇ ತೊಲೆಗೆ ಕಟ್ಟಿ, ಪ್ರೀತಿಯ ಕೂಸನ್ನು ಅದರಲ್ಲಿ ಮಲಗಿಸಿದರು. ಹೆಸರುಗಳು ಶುರುವಾದವು. ಒಬ್ಬೊಬ್ಬರೇ ಬಂದು ತೊಟ್ಟಿಲಿಗೆ ಕೈ ಹಚ್ಚಿ ತಮ್ಮ ಮನೆಯ ಕೂಸಿನ ಹೆಸರು ಹೇಳಿದರು. ಮುಮ್ತಾಜ ಎಂಬಾಕೆ ತನ್ನ ಅಣ್ಣ ಜಹಾಂಗೀರನ ಹೆಸರು ಹೇಳಿ ಕೂಸಿನ ಗಲ್ಲ ಮುಟ್ಟಿದಳು. ನಲವತ್ತೊಂದನೆಯ ಮಹೇಶ್ವರಿ ತನ್ನ ಅಜ್ಜಿಯ ಸೊಂಟದ ಮೇಲೆ ಕೂತೇ ಬಂದಳು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು.

ತೊಟ್ಟಿಲಿನ ಅಂಚು ಹಿಡಿದೆ. ಕೂಸು ಎಚ್ಚರವಾಗಿತ್ತು, ಮುಷ್ಟಿ ಬಿಗಿದುಕೊಂಡು ಮೇಲೆ ನೋಡುತ್ತಿತ್ತು. ಒಂದು ವರ್ಷದಿಂದ ಸರಾಗವಾಗಿ ಹೇಳುತ್ತಿದ್ದ ಹೆಸರು ಅದರ ಮುಂದೆ ಬಾಯಿಂದ ಹೊರಬೀಳಲಿಲ್ಲ. ಕಣ್ಣಿನಿಂದ ನೀರು ಸುರಿಯತೊಡಗಿತು, ಈ ಸಲ ನಾನು ತಂದುಕೊಂಡದ್ದಲ್ಲ.

ದುರ್ಗವ್ವ ನನ್ನ ಭುಜ ಹಿಡಿದಳು. "ಯವ್ವಾ, ಯಾವಾಗ ಆತ್ರಿ? ಒಂದ ಮಾತ ಹೇಳಬಾರದೇನ್ರಿ ನಮಗ" ಎಂದು ಅಳತೊಡಗಿದಳು. ಅವರೆಲ್ಲ ಏನು ತಿಳಿದುಕೊಂಡರೆಂದು ನನಗೆ ಹೊಳೆಯುವಷ್ಟರಲ್ಲಿ ರಂಗವ್ವ ಮುಂದೆ ಬಂದು ಕೂಸನ್ನು ತೊಟ್ಟಿಲಿನಿಂದ ಎತ್ತಿ ಪ್ರೀತಿಯ ಕೈಗೆ ಕೊಟ್ಟಳು.

"ಕೂಸ ತೀರಿದ ತೊಟ್ಲದಾಗ ಇನ್ನೊಂದ ಕೂಸಿನ್ನ ಹಾಕಂಗಿಲ್ಲ" ಎಂದಳು ಅವಳು. ನನ್ನ ಕಡೆ ತಿರುಗಿ, ಮೆತ್ತಗೆ, "ತಪ್ಪ ತಿಳಕೋಬ್ಯಾಡ್ರಿ ತಂಗಿ. ತೊಟ್ಲಾ ನೀವ ಒಯ್ರಿ. ನಿಮ್ಮ ಕೂಸಿಂದು ಇನ್ನ ಅದು" ಎಂದಳು.

ಇದನ್ನೂ ಹೇಳಿಬಿಡುತ್ತೇನೆ, ಆ ಮಾತು ಕೇಳಿದಾಗ ನನ್ನೊಳಗಿನ ಬೇಟೆಗಾರ್ತಿ ಒಂದು ಗಳಿಗೆ ಕಿವಿ ನಿಮಿರಿಸಿದಳು. ತಲೆ ತಗ್ಗಿಸಿ ಸುಮ್ಮನೆ ನಿಂತರೆ ಸಾಕಿತ್ತು. ತೊಟ್ಟಿಲು ಎಂದೆಂದಿಗೂ ನನ್ನದಾಗುತ್ತಿತ್ತು, ಮೇಲೆ ಇಡೀ ಓಣಿಯ ಕನಿಕರ. ಮಲ್ಲು ಆಗಲೇ ಹಗ್ಗ ಬಿಚ್ಚಲು ಸ್ಟೂಲು ತಂದಿದ್ದ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಬಾಬಣ್ಣ, ಆ ತೊಟ್ಟಿಲಿನ ಮೊದಲ ಕೂಸು, ಏನಾಯಿತೆಂದು ತಿಳಿಯದೆ ಬಾಗಿಲಲ್ಲಿ ಬಂದು ನಿಂತಿದ್ದ.

"ಬಿಚ್ಚಬ್ಯಾಡ್ರಿ" ಎಂದೆ. "ಯಾವ ಕೂಸೂ ತೀರಿಲ್ಲ. ಹುಟ್ಟೇ ಇಲ್ಲ. ವಂದನಾ ಅಂತ ಯಾರೂ ಇಲ್ಲ. ತೊಟ್ಟಿಲಾ ಛಂದ ಅದ ಅಂತ ಸುಳ್ಳು ಹೇಳಿ ಒಯ್ದೆ. ಮನಿಯೊಳಗ ಚೆಂಬು ಇಟ್ಟಿದ್ದೆ ಅದರಾಗ."

ದುರ್ಗವ್ವ ನನ್ನ ಭುಜದ ಮೇಲಿನ ಕೈ ತೆಗೆಯದೆಯೇ ಕೇಳಿದಳು. "ಅಂದ್ರ ಯಾರಿಗೂ ಏನೂ ಆಗಿಲ್ಲೇನ್ರಿ?"

"ಇಲ್ರಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಉಸಿರು ಬಿಟ್ಟಳು. ಆ ಸಮಾಧಾನವನ್ನು ನೋಡುವುದು ನನ್ನಿಂದಾಗಲಿಲ್ಲ. ಪ್ರೀತಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಕೂಸನ್ನು ಮತ್ತೆ ತೊಟ್ಟಿಲಿಗೆ ಹಾಕುವ ಮೊದಲು ನಾನಿನ್ನೂ ಹಿಡಿದುಕೊಂಡಿದ್ದ ಅಂಚಿನತ್ತ ಬೆರಳು ತೋರಿಸಿ, "ಕೈ ತಗೀರಿ" ಎಂದಳು. ತೆಗೆದು ಗೋಡೆಗೆ ಸರಿದು ನಿಂತೆ.

ಮತ್ತೆ ಮೊದಲಿನಿಂದ ಆಗಬೇಕೆಂದಳು ರಂಗವ್ವ. ಈ ಸಲ ದುರ್ಗವ್ವ ಒಬ್ಬಳೇ ತೊಟ್ಟಿಲು ತೂಗುತ್ತ ಎಲ್ಲ ಹೆಸರನ್ನೂ ಹೇಳಿದಳು. ಬಾಬಣ್ಣನಿಂದ ಹಿಡಿದು ಒಂದೂ ತಪ್ಪದೆ ಮಹೇಶ್ವರಿಯವರೆಗೆ ಬಂದಳು, ಅದೇ ಉಸಿರಿನಲ್ಲಿ "ಮೃದುಲಾ" ಎಂದುಬಿಟ್ಟಳು. ತೊಟ್ಟಿಲು ನಿಲ್ಲಿಸಿದಳು.

"ದಿನಾ ದೀಪಾ ಹಚ್ಚೂವಾಗ ಮೃದುಲಾನ್ನ ಸುಖದಿಂದ ಇಡಪಾ ಅಂತ ಅಂದು ಅಂದು ಬಾಯಾಗ ಕುಂತಬಿಟ್ಟೈತಿ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ, ಮತ್ತೆ ಬಾಬಣ್ಣನ ಹೆಸರಿನಿಂದ ಶುರು ಮಾಡಿದಳು.