ಹಳದಿ ಹುಳು ಎಲೆ ಕಚ್ಚಿದ ದಿನ

೧

ಎಲ್ಲಿಂದ ಶುರು ಮಾಡಲಿ? ಹುಳುವಿನಿಂದ ಶುರು ಮಾಡಿದರೆ ನೀವು ಪುಟ ತಿರುವಿಹಾಕುತ್ತೀರಿ. ಸತ್ತ ತಂಗಿಯಿಂದ ಶುರು ಮಾಡಿದರೆ, ಓಹೋ, ಅಳಿಸುವುದಕ್ಕೇ ಹೊರಟಿದ್ದಾನೆ ಎಂದು ಮೂಗು ಮುರಿಯುತ್ತೀರಿ. ಮೊದಲ ಡ್ರಾಫ್ಟು ಸಹಕಿಣ್ವ ಎಂದರೇನು ಎಂಬ ವಿವರಣೆಯಿಂದ ಆರಂಭವಾಗಿತ್ತು. ನನ್ನ ಹೆಂಡತಿ ಎರಡು ಸಾಲು ಓದಿ, "ಇದು ಪರೀಕ್ಷೆಗೆ ಬರುತ್ತಾ?" ಎಂದಳು. ಹರಿದು ಹಾಕಿದೆ.

ಆದ್ದರಿಂದ ಹೆಂಗಸಿನಿಂದಲೇ ಶುರು. ರೇಷ್ಮೆಹುಳುವಿನ ತಳಿಗಳನ್ನು ಕಾಪಾಡುವ ಒಂದು ಸಂಸ್ಥೆ. ಅಲ್ಲಿನ ಸಾಕಣೆ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ದುಡಿಯುತ್ತಿರುವ ಒಬ್ಬಾಕೆ. ವಯಸ್ಸು ಐವತ್ತೆರಡು. ಎಲ್ಲರೂ ಕರೆಯುವುದು ಹಳದಿಯಕ್ಕ ಎಂದು. (ಸೀರೆಯ ಬಣ್ಣಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಸ್ವಲ್ಪ ತಾಳಿ.)

೨

ಅವಳ ಪಾಲಿಗೆ ಬಂದ ತಳಿ ವಿಚಿತ್ರದ್ದು. ತಂದೆ ತಾಯಿ ಎರಡೂ ಬಿಳಿ, ಗಟ್ಟಿಮುಟ್ಟು. ಮೊಟ್ಟೆಯೊಡೆದ ಮರಿಗಳೆಲ್ಲ ಇರುವೆಯಂತೆ ಕಪ್ಪಗೆ, ಒಂದೇ ಥರ. ಮೂರು ನಾಲ್ಕು ದಿನ ಎಳೆ ಸೊಪ್ಪು ತಿಂದು ಮೊದಲ ಜ್ವರಕ್ಕೆ ಕೂರುತ್ತವೆ. ಹುಳು ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂತು ಚರ್ಮ ಕಳಚುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ಜ್ವರದಿಂದ ಎದ್ದಾಗ ನಾಲ್ಕರಲ್ಲೊಂದು ಪಾಲು ಹಳದಿ. ನಿಂಬೆಹಣ್ಣಿನ ಹಳದಿ.

ನೋಡಲು ಎಷ್ಟು ಚೆಂದವೋ ಅಷ್ಟೇ ಅಲ್ಪಾಯುಷ್ಯ. ಅವುಗಳ ಮೈಯಲ್ಲಿ ಒಂದು ಸಹಕಿಣ್ವ ತಯಾರಾಗುವುದಿಲ್ಲ. (ಕಿಣ್ವವನ್ನು ಮೇಸ್ತ್ರಿ ಎಂದುಕೊಂಡರೆ, ಸಹಕಿಣ್ವ ಅವನ ಕೈಯಾಳು. ಕೈಯಾಳು ಬರದ ದಿನ ಗೋಡೆ ಏಳುವುದಿಲ್ಲ. ವ್ಯಾಖ್ಯಾನ ಇಷ್ಟೇ, ಮುಗಿಯಿತು.) ಸಹಕಿಣ್ವವಾಗಿ ಬದಲಾಗಬೇಕಾದ ವಸ್ತು ನಡುದಾರಿಯಲ್ಲೇ ನಿಂತು ಗುಡ್ಡೆ ಬೀಳುತ್ತದೆ. ಹಾಗೆ ನಿಂತದ್ದರ ಬಣ್ಣವೇ ಆ ಹಳದಿ. ಸಹಕಿಣ್ವವಿಲ್ಲದೆ ಡೋಪಮೀನ್ ಎಂಬ ರಾಸಾಯನಿಕವಿಲ್ಲ, ಡೋಪಮೀನ್ ಇಲ್ಲದೆ ದವಡೆ ಗಟ್ಟಿಯಾಗುವುದಿಲ್ಲ. ಹಳದಿ ಹುಳು ಎಲೆಯ ಮೇಲೆ ಹತ್ತುತ್ತದೆ, ಅಂಚಿಗೆ ಬಾಯಿ ಇಡುತ್ತದೆ, ದವಡೆ ಆಡಿಸುತ್ತದೆ. ಎಲೆ ಹರಿಯುವುದಿಲ್ಲ. ಸೊಪ್ಪಿನ ರಾಶಿಯ ಮೇಲೇ ಹಸಿದು ಸಾಯುತ್ತದೆ.

ಸತ್ತವನ್ನು ಕುಂಚದಿಂದ ಎತ್ತಿ, ಎಷ್ಟೆಂದು ಬರೆದಿಡುವುದು ಹಳದಿಯಕ್ಕನ ಕೆಲಸ. ಬದುಕಿ ಉಳಿದ ಬಿಳಿ ಹುಳುಗಳ ಒಳಗೇ ಆ ಕೊರತೆ ಅಡಗಿ ಕೂತಿರುವುದರಿಂದ ತಳಿ ನಿಲ್ಲುವುದಿಲ್ಲ, ಅವಳ ಕೆಲಸವೂ ನಿಲ್ಲುವುದಿಲ್ಲ.

೨ (ಮತ್ತೆ, ಯಾಕೆಂದರೆ ಇಲ್ಲೊಂದು ಜಗಳವಾಯಿತು)

ಎರಡನೆಯ ಡ್ರಾಫ್ಟಿನಲ್ಲಿ ಅವಳಿಗೆ ಕೈಕೊಟ್ಟು ಹೋದ ಪ್ರೇಮಿಯೊಬ್ಬನನ್ನು ಸೇರಿಸಿದ್ದೆ. ಅವಳು ಕುಂಚ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಯಾರ್ರೀ ಇವನು?"

"ಕಥೆಗೊಂದು ಹಂಬಲ ಬೇಕಲ್ಲಮ್ಮ."

"ಹಂಬಲ ಅಂದ ತಕ್ಷಣ ಗಂಡಸೇ ಬೇಕಾ? ನನ್ನ ಗಂಡ ಮನೇಲಿ ಚೆನ್ನಾಗೇ ಇದಾರೆ. ಬಟ್ಟೆ ಒಣಗಹಾಕ್ತಿದಾರೆ. ಇವನನ್ನ ತೆಗೀರಿ."

ತೆಗೆದೆ. ಆಮೇಲೆ ಅವಳೇ ತಂಗಿಯ ವಿಷಯ ಹೇಳಿದ್ದು.

೩

ಮನೆಯಲ್ಲಿ ಪುಟ್ಟಿ ಅಂತಿದ್ದರು. ಅಕ್ಕನಿಗಿಂತ ಐದು ವರ್ಷ ಚಿಕ್ಕವಳು. ಬೆಳಿಗ್ಗೆ ಎದ್ದರೆ ಚೂಟಿ, ಗೇಟಿನ ತನಕ ಓಡಿ ಹಾಲಿನ ಕ್ಯಾನು ತರುವಳು. ಮಧ್ಯಾಹ್ನದ ಹೊತ್ತಿಗೆ ಕಾಲು ಒಳಕ್ಕೆ ತಿರುಚಿಕೊಳ್ಳುತ್ತಿತ್ತು. ಸಂಜೆಗೆ ಕತ್ತು ಸೆಟೆದು, ಚಮಚ ಎತ್ತಲೂ ಆಗುತ್ತಿರಲಿಲ್ಲ. ಒಂದು ಗಂಟೆ ಮಲಗಿ ಎದ್ದರೆ ಮತ್ತೆ ಒಂದಿಷ್ಟು ಸರಿ. ಡಾಕ್ಟರು ನರದ ದೌರ್ಬಲ್ಯವೆಂದು ಟಾನಿಕ್ ಬರೆದುಕೊಟ್ಟರು. ಮನೆಯವರು ಅದಕ್ಕಿಂತ ಸುಲಭದ ಹೆಸರು ಇಟ್ಟರು: ಸೋಗು.

"ಆಟಕ್ಕೆ ಕಾಲಿದೆ, ಪಾತ್ರೆ ತೊಳಿ ಅಂದ್ರೆ ಕಾಲಿಲ್ಲ," ಎಂದು ಅಮ್ಮ ಒಮ್ಮೆ ಕೆನ್ನೆಗೆ ಬಾರಿಸಿದ್ದೂ ಉಂಟು.

ಅಕ್ಕನಿಗೆ ಹದಿನಾಲ್ಕಾಗಿದ್ದಾಗಿನ ಒಂದು ಸಂಜೆ. ತಾರಸಿಗೆ ಕರೆದುಕೊಂಡು ಹೋಗು, ಎಲ್ಲರೂ ಗಾಳಿಪಟ ಬಿಡ್ತಿದಾರೆ ಎಂದು ಪುಟ್ಟಿ ಗೋಗರೆದಳು. ಅಕ್ಕನಿಗೆ ಗೆಳತಿಯ ಮನೆಗೆ ಹೋಗುವ ಅವಸರ. "ನಾಟಕ ಸಾಕು, ಬೇಕಾದ್ರೆ ಎದ್ದು ಹೋಗು," ಎಂದು ಹೊರಟೇಬಿಟ್ಟಳು. ವಾಪಸು ಬಂದಾಗ ಪುಟ್ಟಿ ಮೂರನೆಯ ಮೆಟ್ಟಿಲ ಮೇಲೆ ಕೂತಿದ್ದಳು. ತೆವಳಿ ಅಷ್ಟು ದೂರ ಹೋಗಿದ್ದಳು. ಮೊಣಕೈ ತರಚಿತ್ತು.

"ಏನಂದಳು?" ಎಂದು ನಾನು ಕೇಳಿದೆ.

"ಏನೂ ಅನ್ನಲಿಲ್ಲ. ಬೈದಿದ್ರೆ ಇಷ್ಟು ವರ್ಷ ಜ್ಞಾಪಕ ಇರ್ತಿರಲಿಲ್ಲ."

ಪುಟ್ಟಿಗೆ ಹದಿನಾರಾದಾಗ ನ್ಯುಮೋನಿಯಾ ಬಂತು. ಪುಟ್ಟಿ ಹೋದಳು.

೪

ಈಗ ಕಥೆಗೆ ಹೊಸಬರೊಬ್ಬರು ಬರಬೇಕು. ಬಂದರು. ಮೂವತ್ತು ದಾಟದ ವಿಜ್ಞಾನಿ, ಎಲ್ಲರ ಬಾಯಲ್ಲಿ ಮೇಡಂ. ಹಳದಿ ಹುಳುವಿಗೆ ಇಲ್ಲದ ಸಹಕಿಣ್ವವನ್ನು ಹೊರಗಿನಿಂದ ಉಣಿಸಿದರೆ ಬದುಕೀತೇ ಎಂಬುದು ಅವರ ಪ್ರಶ್ನೆ. ಹಳದಿ ತಿರುಗಿದ ಮರಿಗಳನ್ನೆಲ್ಲ ಬೇರೆ ಟ್ರೇಗೆ ಹಾಕಿ, ಎಲೆಗೆ ದ್ರಾವಣ ಸವರಿ ಇಟ್ಟರು. ನಾಲ್ಕನೇ ದಿನಕ್ಕೆ ಟ್ರೇ ಖಾಲಿ. ಮತ್ತೊಂದು ಸಲ ಮಾಡಿದರು. ಮತ್ತೆ ಖಾಲಿ. ಮೇಡಂ ಸ್ಟೂಲಿನ ಮೇಲೆ ಕೂತು ಕೈಗವಸು ಕಿತ್ತೆಸೆದರು.

ಹಳದಿಯಕ್ಕ ಗಂಟಲು ಸರಿಮಾಡಿಕೊಂಡಳು. "ನಾನೊಂದು ಮಾತು ಹೇಳ್ಲಾ ಮೇಡಂ? ಎಲೆ ಕಚ್ಚೋಕೇ ಆಗದೇ ಇರೋದಕ್ಕೆ ಎಲೆ ಮೇಲೆ ಔಷಧಿ ಸವರಿದ್ರೆ ಏನು ಬಂತು? ಹೊಸ ದವಡೆ ಹುಟ್ಟೋದು ಜ್ವರದಲ್ಲಿ. ಜ್ವರಕ್ಕೆ ಕೂರೋ ಮುಂಚೆ ಕೊಡಿ."

"ಆಗ ಎಲ್ಲಾ ಒಂದೇ ಬಣ್ಣ ಇರ್ತವಲ್ಲ ಅಕ್ಕಾ. ಯಾವುದು ಹಳದಿ ಆಗುತ್ತೆ ಅಂತ ಹೇಗೆ ಗೊತ್ತಾಗಬೇಕು?"

"ಯಾಕೆ ಗೊತ್ತಾಗಬೇಕು? ಎಲ್ಲದಕ್ಕೂ ಕೊಡಿ."

ಕೊಟ್ಟರು. ಹುಟ್ಟಿದ ದಿನದಿಂದ, ಕಪ್ಪು ಮರಿಗಳಷ್ಟಕ್ಕೂ. ಮರಿಗಳು ಜ್ವರಕ್ಕೆ ಕೂತವು, ಎದ್ದವು. ಎಂದಿನಂತೆ ನಾಲ್ಕರಲ್ಲೊಂದು ಪಾಲು ಹಳದಿ. ಬೆಳಿಗ್ಗೆ ಎಂಟೂವರೆಗೆ ಹಳದಿಯಕ್ಕ ಮೊಣಕಾಲೂರಿ ಟ್ರೇಯ ಮಟ್ಟಕ್ಕೆ ಕಣ್ಣು ತಂದಳು. ಮಸೂರದ ಕೆಳಗೆ ದವಡೆಯ ಅಂಚು ಕಂದು ಬಣ್ಣಕ್ಕಿತ್ತು. ಒಂದು ಹಳದಿ ಹುಳು ಎಲೆಯ ಅಂಚಿಗೆ ಬಾಯಿಟ್ಟಿತು. ಹಿಂದೆ ಸರಿಯಿತು. ಎಲೆಯಲ್ಲಿ ಸಾಸಿವೆ ಹಿಡಿಸುವಷ್ಟು ಕಚ್ಚು ಬಿದ್ದಿತ್ತು.

"ಮೇಡಂ," ಎಂದಳು. ಇನ್ನೊಮ್ಮೆ ಕರೆದಳು.

೫

(ಇಲ್ಲಿಗೆ ಮುಗಿಸಬಹುದಿತ್ತು. ಗೆಲುವಿನ ಕಥೆ, ಶಾಲೆಯಲ್ಲಿ ಪಾಠವಾಗುವ ಯೋಗ್ಯತೆ. ಆದರೆ ಅವತ್ತು ಚಹಾ ಕುಡಿಯುವಾಗ ಮೇಡಂ ಖುಷಿಯಲ್ಲಿ ಮಾತಾಡುತ್ತಲೇ ಹೋದರು.)

"ಈ ಸಹಕಿಣ್ವ ಇಲ್ಲದ ಮಕ್ಕಳೂ ಹುಟ್ತಾರೆ ಅಕ್ಕಾ. ತುಂಬ ಅಪರೂಪ. ಅಪ್ಪ ಅಮ್ಮ ಚೆನ್ನಾಗೇ ಇರ್ತಾರೆ. ಮಗು ಬೆಳಿಗ್ಗೆ ಪರವಾಗಿಲ್ಲ ಅನ್ನೋ ಹಾಗಿರುತ್ತೆ, ಹೊತ್ತು ಹೋದ ಹಾಗೆ ಕೈಕಾಲು ಸೆಟೆದುಕೊಳ್ಳುತ್ತೆ. ಮಲಗಿ ಎದ್ರೆ ಸ್ವಲ್ಪ ವಾಸಿ."

ಹಳದಿಯಕ್ಕ ಲೋಟವನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು.

"ಔಷಧಿ ಇದೆಯಾ?"

"ಇದೆ. ಮಾತ್ರೆ. ಎಷ್ಟೋ ಮಕ್ಕಳು ಎದ್ದು ಓಡಾಡಿದಾರೆ. ಯಾಕಕ್ಕಾ?"

ಹೇಳಿದಳು. ಮೇಡಂ ತಮ್ಮ ಲೋಟವನ್ನೂ ಕೆಳಗಿಟ್ಟರು. "ಇರಬಹುದು. ಬೇರೆ ಏನಾದರೂ ಇರಬಹುದು. ಈಗ ಖಚಿತ ಮಾಡ್ಕೊಳ್ಳೋಕೆ ಏನೂ ಉಳಿದಿಲ್ಲ ಅಕ್ಕಾ. ಆದರೆ ಒಂದು ಹೇಳ್ತೀನಿ. ಹೆಸರು ಯಾವುದೇ ಇರಲಿ, ಅದು ಸೋಗಲ್ಲ."

ಇಷ್ಟು ದೊಡ್ಡ ಕಾಕತಾಳೀಯ ಕಥೆಗೆ ಒಗ್ಗುವುದಿಲ್ಲ, ಗೊತ್ತು. ತೆಗೆದುಹಾಕಲು ಎರಡು ಸಲ ಪೆನ್ನು ಎತ್ತಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಅರ್ಧ ದಿನ ರಜೆ ಬರೆದುಕೊಟ್ಟು ಬ್ಯಾಗು ಎತ್ತಿಕೊಂಡಳು.

೭

(ಆರು ಎಲ್ಲಿ ಎಂದು ಹುಡುಕಬೇಡಿ. ಆರರಲ್ಲಿ ಎರಡು ಮುಕ್ತಾಯಗಳನ್ನು ಬರೆದಿದ್ದೆ. ಒಂದರಲ್ಲಿ ಅವಳು ಅಮ್ಮನಿಗೆ ಏನನ್ನೂ ಹೇಳದೆ ನುಂಗಿಕೊಳ್ಳುತ್ತಾಳೆ. ಇನ್ನೊಂದರಲ್ಲಿ ಅಮ್ಮ ಕೇಳಿ ಕುಸಿದುಬೀಳುತ್ತಾಳೆ. "ಎಂಬತ್ತು ವರ್ಷದ ಮುದುಕಿನ ಬೀಳಿಸಿ ಏನು ಸಿಗುತ್ತೆ ನಿಮಗೆ?" ಎಂದು ಹಳದಿಯಕ್ಕ ಕೇಳಿದಳು. ಎರಡನ್ನೂ ಹೊಡೆದುಹಾಕಿದೆ.)

ನಡೆದದ್ದು ಇದು. ಅಮ್ಮ ಕಿಟಕಿಯ ಬಳಿ ಕೂತು ಬಟಾಣಿ ಸುಲಿಯುತ್ತಿದ್ದಳು. ಮಗಳು ಎದುರಿಗೆ ಕೂತು ತಾನೂ ಒಂದು ಹಿಡಿ ಕಾಯಿ ಎಳೆದುಕೊಂಡಳು. ಹುಳು, ಸಹಕಿಣ್ವ, ಮಾತ್ರೆ, ಎಲ್ಲವನ್ನೂ ಹೇಳಿದಳು. ಕೊನೆಗೆ, "ಪುಟ್ಟಿ ನಾಟಕ ಮಾಡ್ತಿರಲಿಲ್ಲಮ್ಮ," ಎಂದಳು.

ಅಮ್ಮನ ಬೆರಳು ನಿಲ್ಲಲಿಲ್ಲ.

"ನಿನಗೆ ಇವತ್ತು ಗೊತ್ತಾಯ್ತಾ?"

"ಅಂದ್ರೆ?"

"ಕೊನೇ ಸಲ ಅವಳಿಗೆ ನೀರು ಹಾಕೋವಾಗ ಮಂಡಿ ನೋಡಿದೆ. ಎರಡೂ ಮಂಡಿ ಜಡ್ಡುಗಟ್ಟಿದ್ವು. ನಾವ್ಯಾರೂ ಇಲ್ಲದಾಗ ಮನೆ ತುಂಬ ತೆವಳ್ತಿದ್ಲು ಮಗು. ನೋಡೋರೇ ಇಲ್ಲದಾಗ ಯಾರಾದರೂ ನಾಟಕ ಮಾಡ್ತಾರಾ?"

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನೀನೂ ಅವಳನ್ನ ಬೈದಿದ್ದೆ. ನಾನೊಬ್ಬಳೇ ಹೊತ್ಕೊಂಡ್ರೆ ಸಾಕು ಅನ್ನಿಸ್ತು."

ಇಬ್ಬರೂ ಬಟಾಣಿ ಸುಲಿದರು. ಬುಟ್ಟಿ ಖಾಲಿಯಾದ ಮೇಲೂ ಎದ್ದು ದೀಪ ಹಾಕಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಕೇಳಿದಳು, "ಆ ಹುಳ ನಾನು ನೋಡಬಹುದಾ?"

೮

ಮುಕ್ತಾಯ ಕೇಳುವ ಓದುಗರಿಗೆ ಮೇಡಂ ಹೇಳಿದ್ದನ್ನು ತಿಳಿಸಿಬಿಡುತ್ತೇನೆ. ಹುಳು ಬದುಕಿತೆಂದರೆ ಕೊರತೆ ಹೋಯಿತೆಂದಲ್ಲ. ಈ ಹಳದಿ ಹುಳುಗಳು ಗೂಡು ಕಟ್ಟಿ, ಚಿಟ್ಟೆಯಾಗಿ, ಮೊಟ್ಟೆಯಿಟ್ಟರೆ ಆ ಮೊಟ್ಟೆಯೊಳಗೂ ಅದೇ ಕೊರತೆ ಇರುತ್ತದೆ. ಮತ್ತೆ ಉಣಿಸಬೇಕು. ಅದರ ಮುಂದಿನ ಸಲವೂ ಉಣಿಸಬೇಕು.

ಮರುದಿನ ಬೆಳಿಗ್ಗೆ ಅಮ್ಮ ಕೋಲೂರಿಕೊಂಡು ಬಂದಳು. ಹಳದಿಯಕ್ಕ ಅವಳ ಚಪ್ಪಲಿ ಬಿಡಿಸಿ, ಔಷಧಿ ನೀರಿನಲ್ಲಿ ಕಾಲು ತೊಳೆಸಿ, ತಲೆಗೆ ಬಿಳಿ ಟೋಪಿ ಹಾಕಿದಳು. ನಾನೂ ನೋಟ್‌ಬುಕ್ ಹಿಡಿದು ಹಿಂದೆಯೇ ಹೊರಟೆ.

"ನೀವೆಲ್ಲಿಗೆ?"

"ಒಳಗೆ ಅಮ್ಮ ಏನಂತಾರೆ ಅಂತ ಬರೀಬೇಡವಾ?"

"ಹೊರಗಿನವರು ಬಂದ್ರೆ ಹುಳಕ್ಕೆ ಸೋಂಕು ತಗಲುತ್ತೆ," ಎಂದು ಬಾಗಿಲು ಹಾಕಿಕೊಂಡಳು.

ಬಾಗಿಲಿನಲ್ಲಿ ಅಂಗೈಯಗಲದ ಗಾಜಿದೆ. ಅದರಲ್ಲಿ ಇಬ್ಬರ ಬೆನ್ನು ಮಾತ್ರ ಕಾಣುತ್ತಿದೆ. ಅಮ್ಮ ಟ್ರೇಯ ಮೇಲೆ ಬಗ್ಗಿದ್ದಾಳೆ. ತುಟಿ ಆಡುತ್ತಿರಬೇಕು, ಏಕೆಂದರೆ ಮಗಳು ಆಗಾಗ ತಲೆಯಾಡಿಸುತ್ತಿದ್ದಾಳೆ. ಹುಳುವಿನೊಂದಿಗೋ, ಮಗಳೊಂದಿಗೋ, ಅಥವಾ ಅಲ್ಲಿ ಇಲ್ಲದ ಇನ್ನೊಬ್ಬಳೊಂದಿಗೋ, ಅದು ನನಗೆ ಕೇಳಿಸುತ್ತಿಲ್ಲ. ಬೇಕಾದರೆ ಊಹಿಸಿ ಬರೆಯಬಹುದು, ನನ್ನ ಕಸುಬೇ ಅದು. ಆದರೆ ಮುದುಕಿ ಈಗ ಪಕ್ಕಕ್ಕೆ ತಿರುಗಿ ಸೊಪ್ಪಿನ ಬುಟ್ಟಿಗೆ ಕೈಹಾಕಿ, ಒಂದು ಎಳೆಯ ಎಲೆಯನ್ನು ಬೆರಳಲ್ಲಿ ಸಣ್ಣಗೆ ಹರಿಯುತ್ತಿದ್ದಾಳೆ, ಇನ್ನೂ ಸಣ್ಣಗೆ, ಇನ್ನೂ