ಬಾಡಿಗೆ ಕುರ್ಚಿಯಲ್ಲಿ ನೀಲಗಂಗವ್ವ

ಬೆಳಿಗ್ಗೆ ಏಳೂವರೆಗೆ ನನ್ನನ್ನು ಹುಬ್ಬಳ್ಳಿಯ ಹೊರವಲಯದ ಒಂದು ಹಿರಿಯರ ಆರೈಕೆ ಕೇಂದ್ರದ ಮುಂದೆ ಟೆಂಪೊದಿಂದ ಇಳಿಸಿದರು. ನಾನು ಒಂದು ಗಾಲಿಕುರ್ಚಿ. ಆ ಕೇಂದ್ರದ ಪರವಾನಗಿ ನವೀಕರಣಕ್ಕೆ ಅಂದು ತಪಾಸಣೆ ಇತ್ತು. ಮಧ್ಯಾಹ್ನ ಇನ್ನೊಂದು ಕೇಂದ್ರದಲ್ಲಿ ಇನ್ನೊಂದು ತಪಾಸಣೆ. ಎರಡಕ್ಕೂ ನಾನೇ.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯ ಶೆಡ್ಡಿನಲ್ಲಿ. ಕೊಳವೆ ಬಗ್ಗಿಸಿದರು, ಬೆಸುಗೆ ಹಾಕಿದರು, ಕಪ್ಪು ರೆಕ್ಸಿನ್ ಬಿಗಿದರು. ಮೊದಲ ಒಡೆಯ ಧಾರವಾಡದ ನಿವೃತ್ತ ಡ್ರಿಲ್ ಮಾಸ್ತರ. ಸೊಂಟ ಮುರಿದುಕೊಂಡಿದ್ದರು. ನನ್ನ ಮೇಲೆ ಕೂರುವುದೇ ಅವಮಾನವೆಂದು ದಿನವೂ ಬೈದೇ ಕೂರುತ್ತಿದ್ದರು. ಮೂಳೆ ಕೂಡಿದ ಮೇಲೆ ಅವರು ಮೊದಲು ಮಾಡಿದ ಕೆಲಸ ನನ್ನನ್ನು ಒದ್ದದ್ದು. ಆಮೇಲೆ ಸುಭಾಸ್ ಎಂಬವನ ಬಾಡಿಗೆ ಅಂಗಡಿಗೆ ಮಾರಿದರು.

ಸುಭಾಸನ ಅಂಗಡಿಯಿಂದ ನಾನು ರೋಗಿಗಳ ಮನೆಗೆ ಹೋದದ್ದು ಕಡಿಮೆ, ತಪಾಸಣೆಗಳಿಗೆ ಹೋದದ್ದೇ ಹೆಚ್ಚು. ಜೊತೆಗೆ ಬೆಂಕಿ ನಂದಿಸುವ ಸಿಲಿಂಡರ್, ಹೊಸ ಪರದೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಅಧಿಕಾರಿ ಬರುವ ಮುನ್ನ ನಾವು ಬರುತ್ತಿದ್ದೆವು, ಅವರ ಜೀಪು ತಿರುವು ದಾಟಿದೊಡನೆ ಟೆಂಪೊ ಹತ್ತುತ್ತಿದ್ದೆವು. ಹೊಸದಾಗಿ ಕಾಣಲೆಂದು ಸುಭಾಸ್ ನನಗೆ ಹಾಕಿದ್ದ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ತೆಗೆಯುತ್ತಲೇ ಇರಲಿಲ್ಲ. ನಡೆಯಲಾಗದ ಮುದುಕರು ದೂರದಿಂದ ನನ್ನನ್ನು ನೋಡುತ್ತಿದ್ದರು. ಅವರು ಮುಟ್ಟಿದರೆ ಕೇಂದ್ರದವರು ಗದರುತ್ತಿದ್ದರು.

ಆ ಹೊದಿಕೆಯೇ ಕೆಲಸ ಕೆಡಿಸಿತು. ಹಿಂದಿನ ತಿಂಗಳು ಒಬ್ಬ ಅಧಿಕಾರಿ, ‘ಈ ಕುರ್ಚಿಯಲ್ಲಿ ಯಾರೂ ಕೂತ ಹಾಗಿಲ್ಲವಲ್ಲ’ ಎಂದುಬಿಟ್ಟಿದ್ದರು. ಸುದ್ದಿ ಎಲ್ಲ ಕೇಂದ್ರಗಳಿಗೂ ಮುಟ್ಟಿತ್ತು. ಹಾಗಾಗಿ ಇಲ್ಲಿನ ಮ್ಯಾನೇಜರ್ ಹಂಚಿನಾಳ ಹೊದಿಕೆ ಹರಿದೆಸೆದು, ನೀಲಗಂಗವ್ವ ಅವರನ್ನು ನನ್ನ ಮೇಲೆ ಕೂರಿಸಿದ.

ನೀಲಗಂಗವ್ವ ಬಹುಕಾಲ ಖಾನಾವಳಿ ನಡೆಸಿದವರು. ಸಕ್ಕರೆ ಕಾಯಿಲೆಯಿಂದಾಗಿ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದರು. ಗೋಡೆ ಹಿಡಿದು ನಿಲ್ಲಬಲ್ಲರು, ನಡೆಯಲಾರರು. ಬಚ್ಚಲಿಗೆ ಹೋಗಬೇಕಾದರೆ ಇಬ್ಬರು ಆಯಾಗಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರನ್ನು ಎಳೆದೊಯ್ಯಬೇಕು. ಆಯಾಗಳಿಗೆ ಬಿಡುವಾಗುವ ತನಕ ಕಾಯಬೇಕು. ಎಷ್ಟೋ ಸಲ ಕಾಯುವುದರೊಳಗೆ ಸೀರೆ ಒದ್ದೆಯಾಗುತ್ತಿತ್ತು. ಆಮೇಲೆ ಬೈಗಳು.

“ಅಜ್ಜಿ, ಮೇಡಂ ಕೇಳಿದ್ರ ಕುರ್ಚಿ ನಂದ ಐತ್ರಿ ಅನ್ನು,” ಎಂದು ಹಂಚಿನಾಳ ಪಾಠ ಹೇಳಿದ.

“ಯಾರ್ದು?”

“ನಿಂದು.”

“ಕಿವಿ ಮಂದ ತಮ್ಮಾ, ಇನ್ನೊಮ್ಮೆ ಹೇಳು.”

“ನಿಂದಽ, ನಿಂದು!”

“ಆತು ಬಿಡು. ನೀ ಅಂದಮ್ಯಾಲ ಮುಗೀತು.”

ಅಧಿಕಾರಿ ಜಯಶೀಲಾ ಬಂದರು. ಹಾಸಿಗೆ, ಔಷಧಿ ಕಪಾಟು ನೋಡಿದರು. ನನ್ನ ಮುಂದೆ ನಿಂತು, “ಕುರ್ಚಿ ಯಾರದಮ್ಮಾ?” ಎಂದರು.

“ನಂದ ಐತ್ರಿ. ಬೇಕಾದ್ರ ಅವರ್ನ ಕೇಳ್ರಿ.”

“ಹೌದ್ರಿ ಮೇಡಂ. ಬಂದಾಗಿಂದ ಅವರ್ದಽ,” ಎಂದು ಹಂಚಿನಾಳ ತಲೆಯಾಡಿಸಿದ.

ಅಧಿಕಾರಿ ಅಡುಗೆಮನೆಗೆ ಹೋದರು. ಹೊರಗೆ ಟೆಂಪೊ ಹಾರ್ನ್ ಹಾಕಿತು; ಇನ್ನೊಂದು ಕೇಂದ್ರಕ್ಕೆ ಹೊತ್ತಾಗಿತ್ತು. ಹಂಚಿನಾಳ ಇಬ್ಬರು ಆಯಾಗಳೊಂದಿಗೆ ಬಂದ.

“ಸಾಕು, ಏಳು ಅಜ್ಜಿ.”

ನೀಲಗಂಗವ್ವ ನನ್ನ ಎರಡೂ ಬ್ರೇಕ್ ಹಾಕಿ, ಗಾಲಿಯ ಕಡ್ಡಿಗಳ ನಡುವೆ ಬೆರಳು ತೂರಿಸಿಕೊಂಡರು. “ಏಳಂಗಿಲ್ಲ.”

“ಬಾಡಿಗಿ ಕುರ್ಚಿ ಅದು! ಗಾಡಿ ನಿಂತೈತಿ.”

“ಈಗ ಬಾಡಿಗೀದು, ಆಗ ನಂದು. ಯಾವುದು ಖರೆ? ಮ್ಯಾಡಂನ ಕರೀಲೇನು, ಕೇಳೂಣು?”

ಹಂಚಿನಾಳ ಬಗ್ಗಿ, ದನಿ ತಗ್ಗಿಸಿದ. “ಆಕಿ ಇವತ್ತ ಹೋಗ್ತಾಳ. ನಾಳೆ ನಿನ್ನ ನೋಡಾವ ನಾನು. ನೆನಪಿರ್ಲಿ.”

“ನೀ ನೋಡೂದು ನಾ ನೋಡೀನಿ. ಒದ್ದಿ ಸೀರಿಯಾಗ ಕುಂತು ನೋಡೀನಿ.”

ಆಯಾಗಳು ಅವರ ಕಂಕುಳಿಗೆ ಕೈ ಹಾಕಿದರು. ನೀಲಗಂಗವ್ವ ಒಮ್ಮೆ ಕೂಗಿದರು. ಖಾನಾವಳಿಯ ಕೊನೆಯ ಪಂಕ್ತಿಗೂ ಕೇಳುವಂಥ ಗಂಟಲು ಅದು. ಅಧಿಕಾರಿ ಚಹಾದ ಕಪ್ ಹಿಡಿದೇ ಓಡಿಬಂದರು.

“ಏನಿದು?”

“ಏನಿಲ್ರಿ, ಸೀಟ ಒರಸಾಕ...” ಎಂದ ಹಂಚಿನಾಳ.

“ನನ್ನ ಕುರ್ಚಿಗೆ ನನ್ನ ಹೆಸರ ಬರಸ್ರಿ ಮ್ಯಾಡಂ,” ಎಂದರು ನೀಲಗಂಗವ್ವ. “ಇಲ್ಲೆ ಸಾಮಾನಕ್ಕ ಕಾಲ ಬಂದು ಓಡಿ ಹೋಗ್ತಾವ.”

ಅಧಿಕಾರಿ ಹಂಚಿನಾಳನ ಮುಖ ನೋಡಿದರು. ಕಿಟಕಿಯಾಚೆ ಹಾರ್ನ್ ಹಾಕುತ್ತಿದ್ದ ಟೆಂಪೊ ನೋಡಿದರು.

“ಬಂದಾಗಿನಿಂದ ಅವರದೇ ಎಂದಿರಲ್ಲ? ಬರೆಸಿ. ನಾನು ಇಲ್ಲಿರುವಾಗಲೇ.”

ನನ್ನ ಬೆನ್ನಿಗೆ ಬಿಳಿ ಬಣ್ಣದಲ್ಲಿ ಅವರ ಹೆಸರು ಬಿತ್ತು. ಟೆಂಪೊ ಸಿಲಿಂಡರ್, ಪರದೆ ಹೊತ್ತು ಹೋಯಿತು. ಸಂಜೆ ಸುಭಾಸ್ ಬಂದು ಕೂಗಾಡಿದ. ಹೆಸರು ಬರೆದ ಕುರ್ಚಿಯನ್ನು ಬೇರೆ ಕೇಂದ್ರಕ್ಕೆ ಕಳಿಸುವಂತಿರಲಿಲ್ಲ. ಹಂಚಿನಾಳ ನನ್ನನ್ನು ಕೊಳ್ಳಬೇಕಾಯಿತು. ಸಿಟ್ಟಿನಿಂದ ಆಯಾಗಳಿಗೆ ಅಪ್ಪಣೆ ಮಾಡಿದ: “ಆ ಕುರ್ಚಿ ಯಾರೂ ತಳ್ಳಬ್ಯಾಡ್ರಿ.”

ಈಗ ನನಗೆ ವಯಸ್ಸಾಗಿದೆ. ರೆಕ್ಸಿನ್ ಬಿರಿದಿದೆ, ಮುಂದಿನ ಗಾಲಿಯೊಂದು ಕಿರುಗುಟ್ಟುತ್ತದೆ. ಕೇಂದ್ರಕ್ಕೆ ಪರವಾನಗಿ ಸಿಕ್ಕಿತು, ಹಂಚಿನಾಳ ಇನ್ನೂ ಮ್ಯಾನೇಜರ್. ಹಾಗಾಗಿ ನ್ಯಾಯ ಗೆದ್ದಿತೆಂದು ನಾನು ಹೇಳುವುದಿಲ್ಲ. ಕುರ್ಚಿ ಇರುವುದು ಕೂರಲಿಕ್ಕೆ, ತೋರಿಸಲಿಕ್ಕಲ್ಲ ಎಂಬುದಷ್ಟೇ ನನಗೆ ಗೊತ್ತು.

ಹಂಚಿನಾಳನ ಅಪ್ಪಣೆಯನ್ನು ಆಯಾಗಳು ಪಾಲಿಸಿದರು. ಆ ಸಂಜೆ ನೀಲಗಂಗವ್ವ ತಮ್ಮ ಕೈಯಿಂದಲೇ ಗಾಲಿ ತಿರುಗಿಸಿಕೊಂಡು ಬಚ್ಚಲಿಗೆ ಹೋಗಿ ಬಂದರು.